ಶಕುನಿಯ ಕೈಗೊಂದು ಪ್ರಶ್ನಾವಳಿ

ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ರಕ್ತದ ಒತ್ತಡವನ್ನು ಅಳೆಯಲು ತೋಳಿಗೆ ಪಟ್ಟಿ ಕಟ್ಟಿ ಗಾಳಿಯೂದುವ ಯಂತ್ರವಿದೆ. ಹಾಲಿಗೆ ನೀರು ಬೆರೆತಿದ್ದರೆ ಅದನ್ನು ತೋರಿಸಿಕೊಡುವ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯೂ ಉಂಟು. ಆದರೆ ಹಾಲಿಗೆ ನೀರು ಬೆರೆಸಿ, ಕೊಂಡವರ ಎದುರಿಗೆ ನಿಂತು, ಮುಗುಳ್ನಗುತ್ತ ಹಸುವಿನ ಮೇಲೆ ಆಣೆಯಿಡುವವನ ಬುದ್ಧಿಯನ್ನು ಅಳೆಯುವ ಕಡ್ಡಿ ಯಾವುದು? ನಮ್ಮ ಹಿರಿಯರು ಇದಕ್ಕೆ ಗಾದೆಗಳನ್ನು ಬಿಟ್ಟುಹೋಗಿದ್ದಾರೆಯೇ ಹೊರತು ಅಳತೆಗೋಲನ್ನು ಬಿಟ್ಟುಹೋಗಿಲ್ಲ. ‘ಮೇಲೆ ಬಸಪ್ಪ, ಒಳಗೆ ವಿಷಪ್ಪ’ ಎಂದರೆ ರೋಗದ ಹೆಸರನ್ನು ಹೇಳಿದಂತಾಯಿತು. ಬಸಪ್ಪ ಎಷ್ಟು ಪಾವು, ವಿಷಪ್ಪ ಎಷ್ಟು ಪಾವು ಎಂಬುದು ಅದರಿಂದ ತಿಳಿಯುವುದಿಲ್ಲ.

ಇದನ್ನು ತಿಳಿಯಲೇಬೇಕೆಂದು ಮನಶ್ಶಾಸ್ತ್ರಜ್ಞರು ಸುಮಾರು ಎಪ್ಪತ್ತು ವರ್ಷಗಳಿಂದ ಹಟ ಹಿಡಿದಿದ್ದಾರೆ. ಅವರು ಹಿಡಿದಿರುವ ದಾರಿಯಾದರೋ ಕೇಳಿದೊಡನೆ ನಗು ಬರಿಸುವಂಥದು. ಅವರು ಕುತಂತ್ರಿಯ ಕೈಗೆ ಒಂದು ಕಾಗದವನ್ನೂ ಒಂದು ಪೆನ್ಸಿಲನ್ನೂ ಕೊಟ್ಟು, ಅವನನ್ನೇ ಕೇಳುತ್ತಾರೆ! ಹಸ್ತಿನಾವತಿಯ ಸಭಾಮಂಟಪದ ಹೊರಗೆ ಶಕುನಿಯನ್ನು ಕೂರಿಸಿ, ‘ಮಹಾಶಯ, ತಾವು ಮೋಸಗಾರರೆ? ಹೌದು, ಅಲ್ಲ ಎಂಬುದರಲ್ಲಿ ಒಂದಕ್ಕೆ ಗುರುತು ಹಾಕಿ’ ಎಂದರೆ ಆತನು ಯಾವುದಕ್ಕೆ ಗುರುತು ಹಾಕಿಯಾನು? ಸುಳ್ಳು ಹೇಳುವವನನ್ನು ಅವನ ಮಾತಿನಿಂದಲೇ ಹಿಡಿಯಹೊರಟ ಈ ವಿದ್ಯೆ ಹುಟ್ಟಿದ್ದು ಹೇಗೆ, ಅದು ಎಷ್ಟರಮಟ್ಟಿಗೆ ನಿಂತಿದೆ, ಎಲ್ಲಿ ಜಾರಿದೆ ಎಂಬುದು ಸ್ವಾರಸ್ಯವಾದ ಕಥೆ.

ಕಥೆ ಪ್ರಾರಂಭವಾಗುವುದು ೧೯೫೪ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಮೀಪದಲ್ಲಿ ವಿದ್ವಾಂಸರು ಒಂದು ವರ್ಷ ಪಾಠಪ್ರವಚನಗಳ ಗೊಡವೆಯಿಲ್ಲದೆ ಚಿಂತನೆಯಲ್ಲಿ ತೊಡಗಲೆಂದು ಒಂದು ಕೇಂದ್ರವು ಆಗತಾನೆ ತೆರೆದಿತ್ತು. ಅಲ್ಲಿಗೆ ಬಂದವರಲ್ಲಿ ರಿಚರ್ಡ್ ಕ್ರಿಸ್ಟಿ ಎಂಬ ಮನಶ್ಶಾಸ್ತ್ರಜ್ಞನೂ ಒಬ್ಬ. ಆ ಕಾಲದ ವಿದ್ವಾಂಸರು ನಾಯಕನ ಹಿಂದೆ ಕಣ್ಣುಮುಚ್ಚಿ ನಡೆಯುವ ಜನರನ್ನು ಕುರಿತು ಬೇಕಾದಷ್ಟು ಬರೆದಿದ್ದರು; ಹಿಟ್ಲರನ ಯುದ್ಧ ಮುಗಿದು ಹತ್ತು ವರ್ಷವೂ ಆಗಿರಲಿಲ್ಲ, ಆದುದರಿಂದ ಅದು ಸಹಜವೇ. ಆದರೆ ಜನರನ್ನು ಹಾಗೆ ನಡೆಸುವವನ ಮನಸ್ಸು ಎಂಥದು? ಇತರರನ್ನು ಚದುರಂಗದ ಕಾಯಿಗಳಂತೆ ಎತ್ತಿಡಬಲ್ಲವನಿಗೆ ಯಾವ ಗುಣಗಳಿರಬೇಕು? ಕ್ರಿಸ್ಟಿಯೂ ಅವನ ಮಿತ್ರರೂ ಚರ್ಚಿಸಿ ನಾಲ್ಕು ಲಕ್ಷಣಗಳನ್ನು ಊಹಿಸಿದರು. ಇತರರೊಡನೆ ವ್ಯವಹರಿಸುವಾಗ ಭಾವದ ಬಿಸಿ ಇರಬಾರದು. ಲೋಕರೂಢಿಯ ನೀತಿಯನ್ನು ಕುರಿತು ತಲೆಬಿಸಿ ಇರಬಾರದು. ಚಿತ್ತವಿಭ್ರಮೆ ಇರಬಾರದು, ಎದುರಿಗಿರುವುದು ಇದ್ದಂತೆಯೇ ಕಾಣಬೇಕು. ಕಡೆಯದಾಗಿ, ಯಾವ ತತ್ತ್ವಕ್ಕೂ ಅಂಟಿಕೊಂಡಿರಬಾರದು. ಕೆಲಸ ಆದರೆ ಸಾಕು. ನಮ್ಮ ದೃಷ್ಟಾಂತವನ್ನೇ ತೆಗೆದುಕೊಂಡರೆ, ಪಾಂಡವರ ಐಶ್ವರ್ಯವನ್ನು ಕಂಡು ಹೊಟ್ಟೆಯುರಿಯಿಂದ ಬೆಂದವನು ದುರ್ಯೋಧನ. ಬೇಯದೆ, ಬೆವರದೆ, ತಣ್ಣಗೆ ಕುಳಿತು ದಾಳವನ್ನು ಉರುಳಿಸಿದವನು ಶಕುನಿ. ಕ್ರಿಸ್ಟಿ ಹುಡುಕುತ್ತಿದ್ದುದು ಎರಡನೆಯವನನ್ನು.

ಅನುಭವಿಗಳು ಹಿಂದೆ ಏನು ಹೇಳಿದ್ದಾರೆಂದು ನೋಡಲು ಕ್ರಿಸ್ಟಿ ಹಳೆಯ ರಾಜನೀತಿ ಗ್ರಂಥಗಳ ಮೊರೆಹೊಕ್ಕ. ಚೀನಾದ ಶಾಂಗ್ ಪ್ರಭುವಿನ ಗ್ರಂಥವನ್ನು ನೋಡಿದ. ನಮ್ಮ ಕೌಟಿಲ್ಯನ ಅರ್ಥಶಾಸ್ತ್ರವನ್ನೂ ನೋಡಿದ. ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಶತಮಾನಗಳ ಕಾಲ ಹೆಸರಿಗಷ್ಟೇ ಉಳಿದಿದ್ದ ಆ ಗ್ರಂಥದ ತಾಳೆಯೋಲೆ ೧೯೦೫ರಲ್ಲಿ ದೊರೆತದ್ದು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ. ಅದನ್ನು ಗುರುತಿಸಿ ೧೯೦೯ರಲ್ಲಿ ಅಚ್ಚು ಹಾಕಿಸಿ, ೧೯೧೫ರಲ್ಲಿ ಇಂಗ್ಲಿಷಿಗೆ ತಂದವರು ಪಂಡಿತ ಆರ್. ಶಾಮಶಾಸ್ತ್ರಿಗಳು. ಮೈಸೂರಿನ ಓಲೆಯಿಂದ ಹೊರಟ ಮಾತು ಕ್ಯಾಲಿಫೋರ್ನಿಯದ ವಿದ್ವಾಂಸನ ಮೇಜಿನ ಮೇಲೂ ಕುಳಿತಿತ್ತು. ಆದರೂ ಕ್ರಿಸ್ಟಿಗೆ ಕೈಗೆ ಹತ್ತಿದ್ದು ಇಟಲಿಯ ನಿಕೊಲೊ ಮ್ಯಾಕಿಯವೆಲ್ಲಿ. ಫ್ಲಾರೆನ್ಸಿನ ಅಧಿಕಾರಿಯಾಗಿದ್ದು, ೧೫೧೨ರಲ್ಲಿ ಪದವಿ ಕಳೆದುಕೊಂಡು, ಮರುವರ್ಷ ಸೆರೆಮನೆಯ ಚಿತ್ರಹಿಂಸೆಯನ್ನೂ ಅನುಭವಿಸಿ ಹಳ್ಳಿ ಸೇರಿದ ಆ ಮನುಷ್ಯ ಬರೆದ ‘ದಿ ಪ್ರಿನ್ಸ್’ ಎಂಬ ಪುಸ್ತಕದಲ್ಲಿ ಬರಿಯ ರಾಜತಂತ್ರವಿಲ್ಲ; ಮನುಷ್ಯರು ಎಂಥವರು ಎಂಬ ಅಭಿಪ್ರಾಯವೂ ಇದೆ. ಕೌಟಿಲ್ಯನು ಗೂಢಚಾರನನ್ನು ಹೇಗೆ ನೇಮಿಸಬೇಕೆಂದು ಹೇಳುತ್ತಾನೆ. ಮ್ಯಾಕಿಯವೆಲ್ಲಿಯಾದರೋ ಜನ ಕೃತಘ್ನರು, ಚಂಚಲರು ಎಂದು ಎದೆಗಾರಿಕೆಯಿಂದ ಹೇಳಿಬಿಡುತ್ತಾನೆ. ಕ್ರಿಸ್ಟಿಗೆ ಬೇಕಾಗಿದ್ದುದು ಅದೇ. ಒಂದು ಅಭಿಪ್ರಾಯವನ್ನು ವಾಕ್ಯವಾಗಿ ಬರೆದು, ‘ಇದನ್ನು ನೀವು ಒಪ್ಪುತ್ತೀರಾ?’ ಎಂದು ಯಾರನ್ನಾದರೂ ಕೇಳಬಹುದಲ್ಲ!

ಹೀಗೆ ಮ್ಯಾಕಿಯವೆಲ್ಲಿಯ ಧಾಟಿಯಲ್ಲಿ ೭೧ ವಾಕ್ಯಗಳು ಸಿದ್ಧವಾದುವು. ಸಾವಿರಕ್ಕೆ ಮಿಕ್ಕ ವಿದ್ಯಾರ್ಥಿಗಳಿಗೆ ಅವುಗಳನ್ನು ಕೊಟ್ಟು, ಜನರನ್ನು ಚೆನ್ನಾಗಿ ಬೇರ್ಪಡಿಸದ ವಾಕ್ಯಗಳನ್ನು ಜರಡಿ ಹಿಡಿದು, ೨೦ನ್ನು ಉಳಿಸಿಕೊಂಡರು. ಇದೇ ‘ಮ್ಯಾಕ್ ನಾಲ್ಕು’ ಎಂದು ಪ್ರಸಿದ್ಧವಾದ ಮಾಪಕ. ಮೂಲದ ವಾಕ್ಯಗಳನ್ನು ಇಲ್ಲಿ ಕೊಡುವುದಿಲ್ಲ. ಅದೇ ಜಾತಿಯ ಎರಡನ್ನು ನಾನೇ ಹೊಸೆದು ಕೊಡುತ್ತೇನೆ. ‘ದೊಡ್ಡವರ ಮನಸ್ಸನ್ನು ಹೊಗಳಿಕೆಯಿಂದ ಮೆತ್ತಗೆ ಮಾಡಿಕೊಂಡ ಮೇಲೆಯೇ ಅರ್ಜಿಯನ್ನು ಮುಂದಿಡಬೇಕು.’ ಇದು ಒಂದು. ‘ತಕ್ಕಡಿಯನ್ನು ಸರಿಯಾಗಿ ಹಿಡಿದವನೂ ಅಂಗಡಿಯನ್ನು ಬೆಳೆಸಬಲ್ಲನು.’ ಇದು ಇನ್ನೊಂದು. ಮೊದಲನೆಯದನ್ನು ಒಪ್ಪಿದಷ್ಟೂ ಅಂಕ ಏರುತ್ತದೆ. ಎರಡನೆಯದನ್ನು ಒಪ್ಪಿದಷ್ಟೂ ಇಳಿಯುತ್ತದೆ. ಇಪ್ಪತ್ತರಲ್ಲಿ ಹತ್ತು ಆ ಬಗೆ, ಹತ್ತು ಈ ಬಗೆ. ಎಲ್ಲವೂ ಒಂದೇ ಬಗೆಯಾಗಿದ್ದರೆ, ಏನು ಕೇಳಿದರೂ ತಲೆಯಾಡಿಸುವ ‘ಹೌದಪ್ಪ’ಗಳೆಲ್ಲ ಮಹಾಕುತಂತ್ರಿಗಳಾಗಿ ಲೆಕ್ಕಕ್ಕೆ ಸಿಕ್ಕಿಬಿಡುತ್ತಾರೆ. ಪ್ರತಿಯೊಂದು ವಾಕ್ಯಕ್ಕೂ ‘ಬಹಳವಾಗಿ ಒಪ್ಪುತ್ತೇನೆ’ ಎಂಬುದರಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ ಎಂಬುದರವರೆಗೆ ಏಳು ಮೆಟ್ಟಿಲು. ಬಂದ ಅಂಕಗಳನ್ನು ಕೂಡಿಸಿ, ಮೇಲೆ ೨೦ನ್ನು ಸೇರಿಸಿದರೆ ಮೊತ್ತ ೪೦ರಿಂದ ೧೬೦ರೊಳಗೆ ಬೀಳುತ್ತದೆ. ೧೦೦ ಎಂಬುದು ನಡುಗೆರೆ. ಆ ಇಪ್ಪತ್ತನ್ನು ಸೇರಿಸುವುದು ನಡುಗೆರೆ ನೂರಕ್ಕೆ ಸರಿಯಾಗಿ ಬರಲೆಂದೇ ಹೊರತು ಬೇರೆ ರಹಸ್ಯವೇನೂ ಇಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕುತಂತ್ರಿ ನಿಜವನ್ನೇಕೆ ಬರೆದಾನು? ಕ್ರಿಸ್ಟಿಯ ಜಾಣ್ಮೆ ಇರುವುದು ಇಲ್ಲಿಯೇ. ಆತನು ‘ನೀನು ಮೋಸ ಮಾಡಿರುವೆಯಾ?’ ಎಂದು ಕೇಳಲಿಲ್ಲ, ‘ಲೋಕ ಹೇಗಿದೆ?’ ಎಂದು ಕೇಳಿದ. ತನ್ನ ಕೃತ್ಯವನ್ನು ಮುಚ್ಚಿಡುವವನು ತನ್ನ ಲೋಕಜ್ಞಾನವನ್ನು ಮುಚ್ಚಿಡಬೇಕೆಂದು ಬಯಸುವುದಿಲ್ಲ. ‘ಈ ಕಾಲದಲ್ಲಿ ಹೀಗಿರದಿದ್ದರೆ ಬದುಕಲಾಗದು, ಸ್ವಾಮಿ’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವನಿಗೆ ಅದು ತಪ್ಪೊಪ್ಪಿಗೆಯೆಂದು ತೋರುವುದೇ ಇಲ್ಲ. ಅದು ಅವನಿಗೆ ಅನುಭವದ ಮಾತು.

ಹೀಗಿದ್ದರೂ ಒಳ್ಳೆಯವರೆನಿಸಿಕೊಳ್ಳುವ ಆಸೆ ಯಾರನ್ನೂ ಬಿಡದು. ಇದು ಪ್ರಶ್ನಾವಳಿಗಳ ಹಳೆಯ ಬೇನೆ. ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೪೩ರ ವೇಳೆಗೆ ಸಿದ್ಧವಾದ ಹೆಸರಾಂತ ವ್ಯಕ್ತಿತ್ವಪರೀಕ್ಷೆಯಲ್ಲಿ ಇದಕ್ಕಾಗಿಯೇ ೧೫ ಪ್ರಶ್ನೆಗಳನ್ನು ಅಲ್ಲಲ್ಲಿ ಹುದುಗಿಸಿದ್ದರು. ಮನುಷ್ಯಮಾತ್ರರಿಗೆಲ್ಲ ಇರುವ ಸಣ್ಣಪುಟ್ಟ ದೋಷಗಳಲ್ಲಿ ಒಂದೂ ತನಗಿಲ್ಲವೆಂದು ಯಾವನು ಬರೆಯುತ್ತಾನೆಯೋ ಅವನ ಉಳಿದ ಉತ್ತರಗಳನ್ನೂ ಅನುಮಾನದಿಂದ ನೋಡಬೇಕೆಂಬುದು ಉಪಾಯ. ೧೯೬೦ರಲ್ಲಿ ಕ್ರೌನ್ ಮತ್ತು ಮಾರ್ಲೊ ಎಂಬವರು ಒಳ್ಳೆಯವನೆನಿಸಿಕೊಳ್ಳುವ ಈ ಹಂಬಲವನ್ನೇ ಅಳೆಯಲು ೩೩ ವಾಕ್ಯಗಳ ಬೇರೊಂದು ಮಾಪಕವನ್ನು ಮಾಡಿದರು. ಕ್ರಿಸ್ಟಿಯೂ ಸುಮ್ಮನಿರಲಿಲ್ಲ. ಅವನ ‘ಮ್ಯಾಕ್ ಐದು’ ಎಂಬ ಮಾಪಕದಲ್ಲಿ ವಾಕ್ಯಗಳು ಮೂರು ಮೂರರ ಗುಂಪಾಗಿ ಬರುತ್ತವೆ. ಗುಂಪಿನಲ್ಲಿ ಒಂದು ಕುತಂತ್ರದ ವಾಕ್ಯ. ಇನ್ನೊಂದು ಕೇಳುವುದಕ್ಕೆ ಅಷ್ಟೇ ಚೆನ್ನಾದ ಅಥವಾ ಅಷ್ಟೇ ಕೆಟ್ಟದಾದ, ಆದರೆ ಸಂಬಂಧವಿಲ್ಲದ ವಾಕ್ಯ. ಮೂರನೆಯದು ಇವೆರಡಕ್ಕೂ ವಿರುದ್ಧವಾದ ತೂಕದ್ದು. ಮೂರರಲ್ಲಿ ತನಗೆ ಅತ್ಯಂತ ಹೊಂದುವುದನ್ನೂ ಅತ್ಯಂತ ಹೊಂದದಿರುವುದನ್ನೂ ಆರಿಸಬೇಕು. ಯಾವುದನ್ನು ಆರಿಸಿದರೆ ತಾನು ಒಳ್ಳೆಯವನಾಗಿ ಕಂಡೇನು ಎಂಬುದು ಥಟ್ಟನೆ ತಿಳಿಯದಂತೆ ಕಟ್ಟಿದ ಬಲೆ ಇದು. ಬಲೆ ಚೆನ್ನಾಗಿಯೇ ಇತ್ತು. ಆದರೆ ಉತ್ತರಿಸುವವರಿಗೂ ಎಣಿಸುವವರಿಗೂ ತಲೆನೋವು. ಆದುದರಿಂದ ಬಳಕೆಯಲ್ಲಿ ಹೆಚ್ಚಾಗಿ ಉಳಿದದ್ದು ನಾಲ್ಕನೆಯದೇ.

ಅಂಕವೇನೋ ಬಂತು. ಆ ಅಂಕಕ್ಕೂ ನಡತೆಗೂ ಸಂಬಂಧವುಂಟೆ? ಇದನ್ನು ಪರೀಕ್ಷಿಸಲು ಕ್ರಿಸ್ಟಿಯೂ ಅವನ ಸಹೋದ್ಯೋಗಿ ಫ್ಲಾರೆನ್ಸ್ ಗೈಸ್ ಎಂಬಾಕೆಯೂ ಇತರರೂ ನಡೆಸಿದ ಪ್ರಯೋಗಗಳು ೧೯೭೦ರಲ್ಲಿ ಒಂದು ಗ್ರಂಥವಾಗಿ ಹೊರಬಂದುವು. ಆ ಪ್ರಯೋಗಗಳನ್ನು ಓದುವಾಗ ಪತ್ತೇದಾರಿ ಕಾದಂಬರಿಯನ್ನು ಓದಿದಂತೆಯೇ ಆಗುತ್ತದೆ.

ಒಂದು ಮೇಜಿನ ಮೇಲೆ ಒಂದೊಂದು ಡಾಲರಿನ ಹತ್ತು ನೋಟುಗಳು. ಸುತ್ತ ಮೂವರು: ಹೆಚ್ಚು ಅಂಕದವನೊಬ್ಬ, ನಡುವಣ ಅಂಕದವನೊಬ್ಬ, ಕಡಿಮೆ ಅಂಕದವನೊಬ್ಬ. ಯಾರಿಗೆ ಎಷ್ಟು ಅಂಕವೆಂಬುದು ಅವರಿಗೆ ತಿಳಿಯದು. ನಿಯಮ ಒಂದೇ: ಯಾರಾದರೂ ಇಬ್ಬರು ಹಂಚಿಕೆಗೆ ಒಪ್ಪಿದರೆ ಹಣ ಅವರದು, ಮೂರನೆಯವನಿಗೆ ಬರಿಗೈ. ಮೂವರೂ ಸಮಸಮ ಸಮರ್ಥರಾಗಿದ್ದರೆ ಸರಾಸರಿ ಒಬ್ಬೊಬ್ಬನಿಗೆ ಮೂರು ಡಾಲರು ಮೂವತ್ತಮೂರು ಸೆಂಟುಗಳು ಸಿಗಬೇಕಾಗಿತ್ತು. ಆದದ್ದೇನು? ಹೆಚ್ಚು ಅಂಕದವರಿಗೆ ಸರಾಸರಿ ೫.೫೭ ಡಾಲರು, ನಡುವಣವರಿಗೆ ೩.೧೪, ಕಡಿಮೆ ಅಂಕದವರಿಗೆ ೧.೨೯. ಕಾಗದದ ಮೇಲೆ ಪೆನ್ಸಿಲಿನಿಂದ ಹಾಕಿದ ಗುರುತುಗಳು ನೋಟುಗಳಾಗಿ ಕಣ್ಣಿಗೆ ಕಂಡುವು!

ಮಕ್ಕಳ ಮೇಲೆ ಡೊರೊತಿಯ ಬ್ರಾಗಿನ್‌ಸ್ಕಿ ಎಂಬಾಕೆ ನಡೆಸಿದ ಪ್ರಯೋಗವಂತೂ ನಗುವನ್ನೂ ಗಾಬರಿಯನ್ನೂ ಒಟ್ಟಿಗೆ ತರುತ್ತದೆ. ಹತ್ತು ವರ್ಷದ ಆಸುಪಾಸಿನ ಮಕ್ಕಳಿಗೆ, ಮಕ್ಕಳಿಗೆಂದೇ ಮಾರ್ಪಡಿಸಿದ ಪ್ರಶ್ನಾವಳಿಯನ್ನು ಮೊದಲು ಕೊಟ್ಟಿದ್ದರು. ಆಮೇಲೆ ಕ್ವಿನೈನಿನಲ್ಲಿ ತೋಯಿಸಿದ ಬಿಸ್ಕತ್ತೊಂದನ್ನು ತಿನ್ನಿಸಿದರು. ಮಲೆನಾಡಿನ ಚಳಿಜ್ವರವನ್ನು ಕಂಡ ಹಿರಿಯರಿಗೆ ಕ್ವಿನೈನಿನ ಕಹಿಯನ್ನು ವರ್ಣಿಸಬೇಕಾಗಿಲ್ಲ. ಮಗು ಮುಖ ಕಿವಿಚಿಕೊಂಡ ಮೇಲೆ, ‘ಇಂಥ ಬಿಸ್ಕತ್ತುಗಳನ್ನು ಪಕ್ಕದ ಕೋಣೆಯಲ್ಲಿರುವ ನಿನ್ನ ಜೊತೆಯವನಿಂದ ತಿನ್ನಿಸು, ಅವನು ತಿಂದ ಒಂದೊಂದಕ್ಕೂ ನಿನಗೆ ಐದು ಸೆಂಟು’ ಎಂದರು. ಹೆಚ್ಚು ಅಂಕದ ಮಕ್ಕಳು ಕಡಿಮೆ ಅಂಕದವರಿಗಿಂತ ಬಹಳ ಹೆಚ್ಚು ಬಿಸ್ಕತ್ತುಗಳನ್ನು ತಿನ್ನಿಸಿದರು. ಸುಳ್ಳು ಹೇಳಿದ್ದೂ, ಹೇಳಬೇಕಾದದ್ದನ್ನು ಜಾಣತನದಿಂದ ಬಿಟ್ಟದ್ದೂ ಅವರಲ್ಲಿಯೇ ಹೆಚ್ಚು. ಇಷ್ಟಾದರೂ, ಅವರ ಮಾತುಗಳ ಧ್ವನಿಮುದ್ರಣವನ್ನು ಕೇಳಿದ ಹಿರಿಯರಿಗೆ ಹೆಚ್ಚು ಮುಗ್ಧರಾಗಿ, ಹೆಚ್ಚು ಪ್ರಾಮಾಣಿಕರಾಗಿ ತೋರಿದವರು ಈ ಮಕ್ಕಳೇ. ದೊಡ್ಡವರ ಮೇಲೆ ನಡೆದ ಬೇರೊಂದು ಪ್ರಯೋಗದಲ್ಲಿ, ಪರೀಕ್ಷಕ ಹೊರಗೆ ಹೋಗಿದ್ದಾಗ ಉತ್ತರವನ್ನು ಕದ್ದು ನೋಡುವಂತೆ ಜೊತೆಗಾರನಿಂದ ಆಮಿಷ ಒಡ್ಡಿಸಿ, ಆಮೇಲೆ ಆಪಾದನೆ ಹೊರಿಸಿದರು. ಹೆಚ್ಚು ಅಂಕದವರು ತಪ್ಪನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಅಷ್ಟೇ ಅಲ್ಲ, ಇಲ್ಲವೆನ್ನುವಾಗ ಆಪಾದಿಸಿದವನ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿದರು. ಸುಳ್ಳುಗಾರ ಕಣ್ಣು ತಪ್ಪಿಸುತ್ತಾನೆಂಬ ನಮ್ಮ ಅಜ್ಜಿಯರ ಶಾಸ್ತ್ರವನ್ನು ತಿದ್ದಿಕೊಳ್ಳಬೇಕಾದೀತು.

ಈ ಪ್ರಯೋಗಗಳಿಂದ ಹೊರಟ ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆಂದು ತೋರುತ್ತದೆ. ಹೆಚ್ಚು ಅಂಕದವರು ಎಲ್ಲೆಲ್ಲಿಯೂ ಗೆಲ್ಲುವುದಿಲ್ಲ. ಮುಖಾಮುಖಿ ವ್ಯವಹಾರವಿರಬೇಕು, ನಿಯಮಗಳು ಸಡಿಲವಾಗಿದ್ದು ಸಮಯಕ್ಕೆ ತಕ್ಕ ಮಾತನ್ನು ಹೊಸೆಯಲು ಎಡೆಯಿರಬೇಕು, ಎದುರಾಳಿ ಭಾವಾವೇಶಕ್ಕೆ ಸಿಕ್ಕಿ ದಾರಿ ತಪ್ಪುವಂತಿರಬೇಕು. ಇವು ಇಲ್ಲದೆಡೆ ಅವರ ಮೇಲುಗೈ ಕಾಣುವುದಿಲ್ಲ. ಅವರು ಇತರರಿಗಿಂತ ಬುದ್ಧಿವಂತರೂ ಅಲ್ಲ. ಬುದ್ಧಿಪರೀಕ್ಷೆಯ ಅಂಕಕ್ಕೂ ಈ ಅಂಕಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ.

ಮುಂದಿನ ಚರಿತ್ರೆಯನ್ನು ಬೇಗ ಹೇಳಿಬಿಡಬಹುದು. ೨೦೦೨ರಲ್ಲಿ ಕೆನಡಾದ ಪಾಲ್‌ಹಸ್ ಮತ್ತು ವಿಲಿಯಮ್ಸ್ ಎಂಬವರು ಈ ಕುತಂತ್ರಬುದ್ಧಿಯ ಜೊತೆಗೆ ಸ್ವಮೋಹವನ್ನೂ, ಪರರ ನೋವಿಗೆ ಮರುಗದೆ ದುಡುಕುವ ಸೈಕೋಪತಿ ಎಂಬ ಪ್ರವೃತ್ತಿಯನ್ನೂ ಸೇರಿಸಿ ‘ಕರಾಳ ತ್ರಯ’ ಎಂದು ಹೆಸರಿಟ್ಟರು. ಹೆಸರಿನ ಸೊಗಸಿಗೆ ಜನ ಮರುಳಾದರು. ೨೦೧೦ರಲ್ಲಿ ಮೂರನ್ನೂ ಬರಿಯ ೧೨ ವಾಕ್ಯಗಳಲ್ಲಿ ಅಳೆಯುವ ಮಾಪಕ ಬಂತು. ೨೦೧೪ರಲ್ಲಿ ೨೭ ವಾಕ್ಯಗಳದ್ದು ಬಂತು. ಇಂದು ಯಾರು ಬೇಕಾದರೂ ಬಸ್ಸಿನಲ್ಲಿ ಕುಳಿತು ಕೈಯಲ್ಲಿರುವ ಫೋನಿನಲ್ಲಿಯೇ ತಮ್ಮ ಅಂಕವನ್ನು ನೋಡಿಕೊಳ್ಳಬಹುದು. ಅದಕ್ಕಿಂತ ಹೆಚ್ಚಾಗಿ, ಅತ್ತೆಯ, ಗಂಡನ, ಮೇಲಧಿಕಾರಿಯ ಪರವಾಗಿ ತಾವೇ ಉತ್ತರ ತುಂಬಿ ತೀರ್ಪನ್ನೂ ಕೊಟ್ಟುಕೊಳ್ಳಬಹುದು.

ಇಂಥ ವಾಕ್ಯಗಳನ್ನು ಕನ್ನಡಕ್ಕೆ ತರಲು ಹೊರಟರೆ ಭಾಷೆಯನ್ನು ಓದಿದವರಿಗೆ ಒಂದು ತೊಡಕು ಎದುರಾಗುತ್ತದೆ. ‘ಉಪಾಯ’ ಎಂಬುದು ನಮ್ಮಲ್ಲಿ ಮೆಚ್ಚುಗೆಯ ಮಾತು. ಸಾಮ, ದಾನ, ಭೇದ, ದಂಡಗಳೆಲ್ಲವೂ ಚತುರೋಪಾಯಗಳೇ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ಕಾಲದಿಂದಲೂ ಪಂಚತಂತ್ರದ ನರಿಗಳ ಯುಕ್ತಿಯನ್ನು ಕನ್ನಡದಲ್ಲಿ ಸವಿಯುತ್ತ ಬಂದಿದ್ದೇವೆ. ‘ಕುತಂತ್ರ’ ಎಂದೊಡನೆ ಅದೇ ಕೆಲಸ ಹೇಯವಾಗುತ್ತದೆ. ‘ಕೆಲಸ ಸಾಧಿಸಲು ಉಪಾಯ ಬೇಕು’ ಎಂದು ಬರೆದರೆ ಊರಿಗೆ ಊರೇ ಒಪ್ಪೀತು. ‘ಕುತಂತ್ರ ಬೇಕು’ ಎಂದರೆ ಶಕುನಿಯೂ ಕಿವಿ ಮುಚ್ಚಿಕೊಂಡಾನು. ಮನುಷ್ಯರು ಬದಲಾಗಿಲ್ಲ, ಒಂದು ಶಬ್ದ ಬದಲಾಗಿದೆ. ಅಂಕ ಮಾತ್ರ ಬೆಟ್ಟದಿಂದ ಕಣಿವೆಗೆ ಇಳಿದಿದೆ. ಆದುದರಿಂದ ಅನುವಾದವೊಂದೇ ಸಾಲದು. ಇಲ್ಲಿಯ ಜನರ ಮೇಲೆ ಹೊಸದಾಗಿ ಜರಡಿ ಹಿಡಿಯಬೇಕು. ಬುದ್ಧಿಶಕ್ತಿಯ ವಿಷಯದಲ್ಲಿ ಇಂಥ ದುಡಿಮೆಯನ್ನು ವಿ. ವಿ. ಕಾಮತರು ಹಿಂದೆಯೇ ಮಾಡಿದ್ದರು. ಬಿನೆಯ ಪರೀಕ್ಷೆಯನ್ನು ಧಾರವಾಡದ ಕಡೆಯ ಕನ್ನಡ, ಮರಾಠಿ ಮಕ್ಕಳ ಮೇಲೆ ಪ್ರಯೋಗಿಸಿ, ಪ್ರಶ್ನೆಗಳನ್ನು ಹಿಂದುಮುಂದು ಮಾಡಿ, ಅವರು ೧೯೪೦ರಲ್ಲಿ ಪ್ರಕಟಿಸಿದರು.

ಭಾಷೆಯ ತೊಡಕು ಪರಿಹಾರವಾದರೂ ಮಾಪಕದ ಒಳಗೇ ಇರುವ ಬಿರುಕು ಉಳಿಯುತ್ತದೆ. ೧೯೮೨ರಲ್ಲಿ ಹಂಟರ್ ಮೊದಲಾದ ಮೂವರು ವಿದ್ವಾಂಸರು, ಮ್ಯಾಕ್ ನಾಲ್ಕು ಅಳೆಯುವುದು ಒಂದು ಗುಣವನ್ನಲ್ಲ, ನಾಲ್ಕು ಬೇರೆಬೇರೆ ನಂಬಿಕೆಗಳನ್ನು ಎಂದು ತೋರಿಸಹೊರಟರು: ಹೊಗಳಿಕೆಯಲ್ಲಿ ನಂಬಿಕೆ, ವಂಚನೆಯಲ್ಲಿ ನಂಬಿಕೆ, ನೀತಿಯಲ್ಲಿ ಅಪನಂಬಿಕೆ, ಮನುಷ್ಯರಲ್ಲಿ ಅಪನಂಬಿಕೆ. ಈ ಕಡೆಯದನ್ನು ಗಮನಿಸಬೇಕು. ‘ಜನರನ್ನು ನಂಬಬಾರದು’ ಎಂದು ಮೋಸಗಾರನೂ ಹೇಳುತ್ತಾನೆ, ಮೋಸಹೋದವನೂ ಹೇಳುತ್ತಾನೆ. ಕಾಗದದ ಮೇಲೆ ಇಬ್ಬರ ಗುರುತೂ ಒಂದೇ ಮನೆಯಲ್ಲಿ ಬೀಳುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸಕ್ಕೆಂದು ಹೋದ ಕಡೆ ಇಂಥದೇ ಒಂದು ಪ್ರಶ್ನಾವಳಿಯನ್ನು ಕೊಟ್ಟಿದ್ದರಂತೆ. ಹುಡುಗ ತೀರ ಸಾಧು. ಅವನ ತಂದೆ ದಾಯಾದಿಯ ಮಾತನ್ನು ನಂಬಿ ಓದದೆ ರುಜು ಹಾಕಿ ಎರಡೆಕರೆ ತರಿ ಜಮೀನನ್ನು ಕಳೆದುಕೊಂಡದ್ದು ಊರಿಗೆಲ್ಲ ತಿಳಿದ ವಿಷಯ. ಹತ್ತಿರದವರನ್ನೂ ಪೂರ್ತಿಯಾಗಿ ನಂಬಬಾರದೆಂಬ ಅರ್ಥದ ವಾಕ್ಯ ಬಂದಾಗಲೆಲ್ಲ ಇವನು ‘ಬಹಳವಾಗಿ ಒಪ್ಪುತ್ತೇನೆ’ ಎಂದು ಬರೆದ. ಕೆಲಸ ಸಿಗಲಿಲ್ಲ. ಸಿಗದಿರಲು ಅದೇ ಕಾರಣವೋ, ಬೇರೆ ನೂರೆಂಟು ಕಾರಣಗಳಿದ್ದುವೋ, ಯಾರು ಬಲ್ಲರು? ‘ಸಾರ್, ನಿಜ ಬರೆದದ್ದೇ ತಪ್ಪಾಯಿತೇನೋ’ ಎಂದು ಅವನು ನನ್ನ ಮುಂದೆ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಅದೇ ಕೋಣೆಯಲ್ಲಿ ಕುಳಿತು, ಮೇಲಿನವರಿಗೆ ಏನು ಬೇಕೆಂಬುದನ್ನು ಮೊದಲು ಊಹಿಸಿ, ಆಮೇಲೆ ಪೆನ್ಸಿಲು ಹಿಡಿದವನಿಗೆ ಸೌಮ್ಯವಾದ ಅಂಕ ಬಂದಿದ್ದರೆ ಆಶ್ಚರ್ಯವಿಲ್ಲ.

ಇದು ಬರಿಯ ಮೇಷ್ಟರ ಮರುಕವಲ್ಲ. ೨೦೧೨ರಲ್ಲಿ, ಹಲವು ವರ್ಷಗಳ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿ ನೋಡಿದರು. ಹೆಚ್ಚು ಅಂಕದವರಲ್ಲಿ ಸಂಸ್ಥೆಗೆ ಕೇಡಾಗುವ ನಡತೆ ಸ್ವಲ್ಪ ಹೆಚ್ಚೆಂದು ಕಂಡಿತು. ಆದರೆ ಕೆಲಸದ ಗುಣಕ್ಕೂ ಅಂಕಕ್ಕೂ ಇದ್ದ ನಂಟು ತೀರ ತೆಳುವಾಗಿತ್ತು. ನೂರಾರು ಜನರನ್ನು ಒಟ್ಟಿಗೆ ತೂಗಿದಾಗ ಹೊರಡುವ ಸರಾಸರಿ ಅದು. ಎದುರಿಗೆ ಕುಳಿತ ಒಬ್ಬನೇ ಒಬ್ಬನ ಮೇಲೆ ಅದನ್ನು ಎತ್ತಿಹಾಕುವುದು ಜಿಲ್ಲೆಯ ಸರಾಸರಿ ಮಳೆಯನ್ನು ನೋಡಿ ನಿಮ್ಮ ಹಿತ್ತಲಿನ ಬಾವಿಯ ನೀರನ್ನು ಹೇಳಿದಂತೆ. ೨೦೧೭ರಲ್ಲಿ ಮಿಲ್ಲರ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮ್ಯಾಕಿಯವೆಲ್ಲಿಯ ಶಿಷ್ಯನೆಂದರೆ ತಾಳ್ಮೆಯುಳ್ಳವನು, ಮುಂದಾಲೋಚನೆಯವನು, ನಾಲಗೆಯನ್ನು ಬಿಗಿಹಿಡಿದವನು ಎಂದು ಪುಸ್ತಕಗಳು ವರ್ಣಿಸುತ್ತವೆ. ಆದರೆ ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಹೆಚ್ಚು ಅಂಕ ಪಡೆದವರನ್ನು ನೋಡಿದರೆ ಅವರು ದುಡುಕಿನವರು, ಕಟುಮಾತಿನವರು, ಸೈಕೋಪತಿಯ ಗುಂಪಿನಿಂದ ಬೇರ್ಪಡಿಸಲಾಗದವರು! ಬಲೆಗೆ ಬಿದ್ದದ್ದು ಶಕುನಿಯಲ್ಲ, ದುಶ್ಶಾಸನ. ಈ ಕೊರತೆಯನ್ನು ತುಂಬಲು ಮರುವರ್ಷವೇ ತಾಳ್ಮೆ, ಯೋಜನೆಗಳನ್ನೂ ಸೇರಿಸಿದ ೫೨ ವಾಕ್ಯಗಳ ಹೊಸ ಮಾಪಕವೊಂದು ಬಂದಿದೆ.

ಇವೆಲ್ಲವೂ ಸಂಶೋಧನೆಯ ಕೋಣೆಯ ಮಾತಾಯಿತು. ಮನುಷ್ಯನ ಬಿಡುಗಡೆ, ಬಂಧನಗಳ ಪ್ರಶ್ನೆ ಬಂದಾಗ ಇದೇ ಶಾಸ್ತ್ರದವರು ಹೇಗೆ ನಡೆದುಕೊಳ್ಳುತ್ತಾರೆಂಬುದನ್ನು ನೋಡಬೇಕು. ಕೆನಡಾದ ರಾಬರ್ಟ್ ಹೇರ್ ಎಂಬ ಮನಶ್ಶಾಸ್ತ್ರಜ್ಞನು ಸೆರೆಮನೆಯ ಕೈದಿಗಳಲ್ಲಿ ಸೈಕೋಪತಿಯನ್ನು ಗುರುತಿಸಲು ಸಿದ್ಧಪಡಿಸಿದ ಪಟ್ಟಿ ೧೯೯೧ರಲ್ಲಿ ತಿದ್ದುಪಡಿಯಾಗಿ ಪ್ರಕಟವಾಯಿತು. ಅದರಲ್ಲಿಯೂ ಇಪ್ಪತ್ತೇ ಅಂಶಗಳು, ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ, ಪೂರ್ಣಾಂಕ ೪೦. ಆದರೆ ಆ ಪಟ್ಟಿಯನ್ನು ಕೈದಿಯ ಕೈಗೆ ಕೊಡುವುದೇ ಇಲ್ಲ. ತರಬೇತು ಪಡೆದ ಪರೀಕ್ಷಕನು ಅವನೊಡನೆ ದೀರ್ಘವಾಗಿ ಮಾತನಾಡಬೇಕು. ಪೊಲೀಸರ, ನ್ಯಾಯಾಲಯದ, ಸೆರೆಮನೆಯ ಕಡತಗಳನ್ನು ತರಿಸಿ ಓದಬೇಕು. ಬಾಯಿಮಾತಿಗೂ ಕಡತಕ್ಕೂ ತಾಳೆಯಾಗದೆಡೆಯಲ್ಲಿ ಅದಕ್ಕೆ ಕಾರಣವನ್ನು ಹುಡುಕಬೇಕು. ಅಂಕವನ್ನು ಹಾಕುವುದು ಅಷ್ಟೆಲ್ಲ ಆದ ಮೇಲೆ.